ಅಜ್ಜ ಬರೆದುಕೊಟ್ಟ ಭಾಷಣದಲ್ಲಿ ಎಷ್ಟು ನಿಜ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಸ್ವಾತಂತ್ರ್ಯ ದಿನಾಚರಣೆಗೆ ಶಾಲೆಯಲ್ಲಿ ಭಾಷಣ ಸ್ಪರ್ಧೆ ಇಟ್ಟಿದ್ದಾರೆ. ನಮ್ಮ ಮಾವನವರು ನಿವೃತ್ತ ಸರ್ಕಾರಿ ನೌಕರರು, ಎಂಬತ್ತರ ಹತ್ತಿರ ವಯಸ್ಸು. ಮೊಮ್ಮಗಳಿಗೆ ಅಂತ ತಾವೇ ಕೂತು ಎರಡು ಪುಟ ಬರೆದುಕೊಟ್ಟರು. 1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಇತ್ತು. ಭಾರತದಲ್ಲಿ ಒಬ್ಬ ಭಿಕ್ಷುಕನನ್ನೂ ಒಬ್ಬ ಕಳ್ಳನನ್ನೂ ನೋಡಲಿಲ್ಲ ಎಂದು ಮೆಕಾಲೆ ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದ್ದ. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠ ಎಂದು ಯುನೆಸ್ಕೊ ಘೋಷಿಸಿದೆ. ಭಾರತ ಯಾವತ್ತೂ ಬೇರೆ ದೇಶದ ಮೇಲೆ ದಂಡೆತ್ತಿ ಹೋಗಿಲ್ಲ. ಸೊನ್ನೆ ಕಂಡುಹಿಡಿದವನು ಆರ್ಯಭಟ. ಏಷ್ಯಾದಲ್ಲೇ ಮೊದಲು ಕರೆಂಟ್ ಬಂದದ್ದು ಬೆಂಗಳೂರಿಗೆ. ನಮ್ಮ ರಾಷ್ಟ್ರಭಾಷೆ ಹಿಂದಿ, ರಾಷ್ಟ್ರೀಯ ಕ್ರೀಡೆ ಹಾಕಿ. ಹೀಗೆ ಸಾಗುತ್ತದೆ ಭಾಷಣ. ಮಗಳು ಮೊಬೈಲಿನಲ್ಲಿ ಒಂದೆರಡನ್ನು ಹುಡುಕಿ ನೋಡಿ, "ಅಜ್ಜ ಬರೆದದ್ದೆಲ್ಲ ಸುಳ್ಳು, ನಾನು ಹೇಳಲ್ಲ" ಎಂದುಬಿಟ್ಟಳು. ಅವರಿಗೆ ಬಹಳ ನೋವಾಯಿತು. "ಈಗಿನ ಮಕ್ಕಳಿಗೆ ದೇಶಾಭಿಮಾನವೇ ಇಲ್ಲ" ಎಂದು ಎರಡು ದಿನ ಸರಿಯಾಗಿ ಮಾತೂ ಆಡಲಿಲ್ಲ. ನನ್ನ ಮೈದುನ ಬೇರೆ, ರಾಷ್ಟ್ರಗೀತೆ ಬರೆದದ್ದೇ ಐದನೇ ಜಾರ್ಜ್ ದೊರೆಯನ್ನು ಹೊಗಳಲು ಎನ್ನುತ್ತಾರೆ, ಮೀಸಲಾತಿ ಹತ್ತೇ ವರ್ಷ ಸಾಕು ಎಂದು ಅಂಬೇಡ್ಕರ್ ಹೇಳಿದ್ದರು ಎಂದೂ ವಾದ ಮಾಡುತ್ತಾರೆ. ಇದರಲ್ಲಿ ಯಾವುದು ನಿಜ, ಯಾವುದು ಅಲ್ಲ? ಮಗಳು ಸುಳ್ಳು ಹೇಳುವುದೂ ಬೇಡ, ಹಿರಿಯರ ಮನಸ್ಸು ಮುರಿಯುವುದೂ ಬೇಡ. ಏನು ಮಾಡಲಿ? – ದಾವಣಗೆರೆಯಿಂದ ಒಬ್ಬ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಒಂದು, ಭಾಷಣದಲ್ಲಿರುವ ಸಂಗತಿಗಳದು. ಇನ್ನೊಂದು, ಅದಕ್ಕಿಂತ ದೊಡ್ಡದು: ಈ ಮಾತುಗಳು ಸುಳ್ಳೆಂದಾದರೆ ದೇಶದ ಮೇಲಿನ ಅಭಿಮಾನವೂ ಸುಳ್ಳಾಗುತ್ತದಲ್ಲ ಎಂಬ ಭಯ. ನಿಮ್ಮ ಮಾವನವರಿಗೆ ನೋವಾದದ್ದು ಈ ಎರಡನೆಯ ಕಾರಣಕ್ಕೇ. ಇತಿಹಾಸ ಪಾಠ ಮಾಡಿದವನಾಗಿ, ಶಿಕ್ಷಕರ ತರಬೇತಿಗಳಲ್ಲಿ ಇದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಎದುರಿಸಿದವನಾಗಿ ನಾನು ಹೇಳಬಲ್ಲೆ, ಆ ಭಯಕ್ಕೆ ಆಧಾರವಿಲ್ಲ. ಭಾಷಣದ ಬಹುತೇಕ ಸಾಲುಗಳು ತಪ್ಪು, ನಿಜ. ಆದರೆ ಒಂದೊಂದು ತಪ್ಪಿನ ಪಕ್ಕದಲ್ಲೂ ಒಂದು ಸತ್ಯ ಇದೆ, ಮತ್ತು ಆ ಸತ್ಯಕ್ಕೆ ದಾಖಲೆ ನಮ್ಮಲ್ಲೇ ಇದೆ.

ಅಜ್ಜನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಡಾಲರ್, ಮೆಕಾಲೆ, ಯುನೆಸ್ಕೊ. ನಮ್ಮ ದೇಶ ದೊಡ್ಡದು ಎನ್ನಲು ಹೊರಗಿನವರ ಸರ್ಟಿಫಿಕೇಟ್ ಬೇಕು ಎಂಬ ಭಾವನೆ ಇವುಗಳ ಬೆನ್ನಿಗಿದೆ. ಎರಡು ಶತಮಾನ ಪರರ ಆಳ್ವಿಕೆಯಲ್ಲಿ, "ನಿಮ್ಮದು ಏನೂ ಅಲ್ಲ" ಎಂದು ಕೇಳಿಸಿಕೊಂಡ ಸಮಾಜದಲ್ಲಿ ಅಂಥ ಹಸಿವು ಹುಟ್ಟುವುದು ಸಹಜ. ನಿಮ್ಮ ಮಾವನವರನ್ನು ಅದಕ್ಕಾಗಿ ದೂರಬೇಡಿ. ಈಗ ಒಂದೊಂದಾಗಿ ನೋಡೋಣ.

ರೂಪಾಯಿಯಿಂದ ಶುರುಮಾಡುತ್ತೇನೆ, ಏಕೆಂದರೆ ಇದನ್ನು ಕಾಗದ ಪೆನ್ನು ಹಿಡಿದು ಮನೆಯಲ್ಲೇ ಪರೀಕ್ಷಿಸಬಹುದು. 1947ರಲ್ಲಿ ನಮ್ಮ ರೂಪಾಯಿಯನ್ನು ಡಾಲರಿಗೆ ನೇರವಾಗಿ ಕಟ್ಟಿರಲಿಲ್ಲ, ಬ್ರಿಟನ್ನಿನ ಪೌಂಡಿಗೆ ಕಟ್ಟಿದ್ದರು. 1927ರ ಕಾನೂನಿನಿಂದ ಬಂದ ದರ ಅದು: ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್. ಆಗ ಒಂದು ಶಿಲಿಂಗಿಗೆ 12 ಪೆನ್ಸ್, ಒಂದು ಪೌಂಡಿಗೆ 240 ಪೆನ್ಸ್. ಅಂದರೆ ರೂಪಾಯಿಗೆ 18 ಪೆನ್ಸ್ ಆಯಿತು. 240ನ್ನು 18ರಿಂದ ಭಾಗಿಸಿದರೆ ಒಂದು ಪೌಂಡಿಗೆ ಹದಿಮೂರು ರೂಪಾಯಿ ಐದು ಆಣೆ ನಾಲ್ಕು ಪೈ. ಆ ಕಾಲದಲ್ಲಿ ಒಂದು ಪೌಂಡ್ ಎಂದರೆ 4.03 ಡಾಲರ್. ಇನ್ನೊಮ್ಮೆ ಭಾಗಿಸಿ: ಒಂದು ಡಾಲರಿಗೆ ಸುಮಾರು ಮೂರು ರೂಪಾಯಿ ಐದು ಆಣೆ ಬರುತ್ತದೆ. ಭಾರತ 1946ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಘೋಷಿಸಿದ ದರವೂ ಇದೇ, ಒಂದು ರೂಪಾಯಿಗೆ 30.225 ಅಮೆರಿಕನ್ ಸೆಂಟ್. 1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡಿನ ಬೆಲೆ ಇಳಿಸಿದಾಗ ನಾವೂ ಇಳಿಸಿದೆವು, ಡಾಲರ್ 4.76 ರೂಪಾಯಿ ಆಯಿತು. 1966ರ ಜೂನ್ 6ರಂದು 7.50 ಆಯಿತು. ಒಂದಕ್ಕೊಂದು ಎಂಬ ದಿನ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಡಾಲರಿನ ಈ ಮಾತಿನ ಜೊತೆ ಒಂದು ತರ್ಕವೂ ಬರುತ್ತದೆ: ಆಗ ನಮಗೆ ವಿದೇಶಿ ಸಾಲ ಇರಲಿಲ್ಲ, ಹಾಗಾಗಿ ರೂಪಾಯಿ ಡಾಲರಿಗೆ ಸಮ ಇತ್ತು ಎಂದು. ಸಾಲ ಇಲ್ಲದ ಮಾತ್ರಕ್ಕೆ ಎರಡು ಬೇರೆ ನಾಣ್ಯಗಳು ಸಮವಾಗುವುದಿಲ್ಲ. ಜಪಾನಿನ ಯೆನ್ 1949ರಿಂದ 1971ರವರೆಗೆ ಡಾಲರಿಗೆ 360ರ ದರದಲ್ಲಿ ನಿಂತಿತ್ತು. ಜಪಾನ್ ಜಗತ್ತಿನ ಮುಂಚೂಣಿಯ ಕೈಗಾರಿಕಾ ದೇಶವಾಗಿ ಬೆಳೆದದ್ದು ಅದೇ ವರ್ಷಗಳಲ್ಲಿ. ಡಾಲರಿಗೆ ಎಷ್ಟು ಎಂಬ ಅಂಕಿ ಮಾನ ಅಳೆಯುವ ಕೋಲಲ್ಲ. ಹಾಗಿದ್ದರೂ ಆ ತರ್ಕದ ಒಳಗೆ ಒಂದು ನಿಜ ಅಡಗಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಭಾರತದಿಂದ ಸರಕು, ಸೇವೆಗಳನ್ನು ಪಡೆದು ಹಣ ಕೊಡದೆ ಲೆಕ್ಕದಲ್ಲಿ ಬರೆದಿಟ್ಟಿತು. ಸ್ವಾತಂತ್ರ್ಯ ಬರುವ ಹೊತ್ತಿಗೆ ಬ್ರಿಟನ್ನೇ ನಮಗೆ ನೂರು ಕೋಟಿ ಪೌಂಡಿಗೂ ಹೆಚ್ಚು ಕೊಡಬೇಕಿತ್ತು. ಸ್ಟರ್ಲಿಂಗ್ ಬಾಕಿ ಎಂದು ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದರ ವಿವರ ಇದೆ. ಆಳಿದವರು ಆಳಿಸಿಕೊಂಡವರಿಗೆ ಸಾಲಗಾರರಾಗಿ ಹೋದರು. ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಸಾಲು ಬೇಕೆ?

ಮೆಕಾಲೆಯ ಮಾತಿಗೆ ಬರೋಣ. ಈ ಉದ್ಧರಣೆಯ ಕೆಳಗೆ ಸಾಮಾನ್ಯವಾಗಿ "ಬ್ರಿಟಿಷ್ ಸಂಸತ್ತು, 2 ಫೆಬ್ರವರಿ 1835" ಎಂದಿರುತ್ತದೆ. ತಾರೀಖು ಇದ್ದರೆ ಜನ ನಂಬುತ್ತಾರೆ. ಆದರೆ ಈ ಮಾತನ್ನು ಬಯಲಿಗೆಳೆಯುವುದೂ ಆ ತಾರೀಖೇ. ಆ ದಿನ ಮೆಕಾಲೆ ಲಂಡನ್ನಿನಲ್ಲಿ ಇರಲೇ ಇಲ್ಲ, ಕಲ್ಕತ್ತೆಯಲ್ಲಿದ್ದ. ಸಂಸತ್ ಸದಸ್ಯತ್ವ ಬಿಟ್ಟು ಗವರ್ನರ್ ಜನರಲ್‌ ಮಂಡಳಿಯ ಕಾನೂನು ಸದಸ್ಯನಾಗಿ 1834ರ ಜೂನ್‌ನಲ್ಲಿ ಮದರಾಸಿಗೆ ಬಂದಿಳಿದ. ಗವರ್ನರ್ ಜನರಲ್ ಬೆಂಟಿಂಕ್ ಆಗ ಊಟಿಯಲ್ಲಿದ್ದ. ಅವನನ್ನು ಕಾಣಲು ಆರ್ಕಾಟ್, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರಿನ ದಾರಿಯಲ್ಲಿ ಮೆಕಾಲೆ ಬೆಟ್ಟ ಹತ್ತಿದ. ನಮ್ಮ ಸೀಮೆಯನ್ನು ಅವನು ಕಂಡದ್ದು ಹೀಗೆ. ಆಮೇಲೆ ಕಲ್ಕತ್ತೆ ಸೇರಿದ. ಆ ಉದ್ಧರಣೆಯಲ್ಲಿರುವಂತೆ "ಭಾರತದ ಉದ್ದಗಲ ಸಂಚರಿಸಿದ್ದೇನೆ" ಎಂದು 1835ರ ಫೆಬ್ರವರಿಯಲ್ಲಿ ಹೇಳುವಷ್ಟು ಅವನು ತಿರುಗಿರಲಿಲ್ಲ. ಇನ್ನು ಭಿಕ್ಷುಕರೇ ಇಲ್ಲದ, ಕಳ್ಳರೇ ಇಲ್ಲದ ದೇಶ? 1832-33ರಲ್ಲಿ ಗುಂಟೂರು ಸೀಮೆಯನ್ನು ಭೀಕರ ಬರ ತಿಂದುಹಾಕಿತ್ತು. ದಾರಿಹೋಕರನ್ನು ಕೊಂದು ದೋಚುತ್ತಿದ್ದ ಥಗ್ಗರನ್ನು ಹಿಡಿಯಲು ಬೆಂಟಿಂಕನ ಸರ್ಕಾರ ಸ್ಲೀಮನ್ ಎಂಬ ಅಧಿಕಾರಿಯನ್ನೇ ನೇಮಿಸಿತ್ತು.

ಆ ದಿನ ಮೆಕಾಲೆ ನಿಜವಾಗಿ ಬರೆದದ್ದು ಶಿಕ್ಷಣದ ಬಗ್ಗೆ ಒಂದು ಟಿಪ್ಪಣಿ. ಅದರ ಪೂರ್ಣ ಪಾಠ ಮುದ್ರಣದಲ್ಲಿ ಸಿಗುತ್ತದೆ. ತನಗೆ ಸಂಸ್ಕೃತವಾಗಲಿ ಅರಬ್ಬಿಯಾಗಲಿ ಬಾರದು ಎಂದು ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಅದರ ಬೆನ್ನಿಗೇ, ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದೇ ಒಂದು ಕಪಾಟಿನ ಸಾಲು ಭಾರತ ಮತ್ತು ಅರೇಬಿಯಾದ ಸಮಸ್ತ ಸಾಹಿತ್ಯಕ್ಕೆ ಸಮ ಎಂಬ ಮಾತು ಬರುತ್ತದೆ. ರಕ್ತದಲ್ಲಿ, ಬಣ್ಣದಲ್ಲಿ ಭಾರತೀಯರಾಗಿದ್ದು ಅಭಿರುಚಿಯಲ್ಲಿ, ಅಭಿಪ್ರಾಯದಲ್ಲಿ ಇಂಗ್ಲಿಷರಾಗಿರುವ ಒಂದು ವರ್ಗವನ್ನು ಸಿದ್ಧಮಾಡಬೇಕು ಎನ್ನುತ್ತಾನೆ. ಅದೇ ವರ್ಷ ಮಾರ್ಚ್‌ನಲ್ಲಿ ಬೆಂಟಿಂಕ್ ಇದನ್ನು ಒಪ್ಪಿ ಆದೇಶ ಹೊರಡಿಸಿದ. ಹೊಗಳಿಕೆಯ ಸುಳ್ಳು ಮಾತನ್ನು ಮೆಕಾಲೆಯ ಬಾಯಿಗೆ ತುರುಕಿ, ಅವನು ಸ್ವಂತ ಕೈಯಲ್ಲಿ ಬರೆದ ಅವಮಾನವನ್ನು ನಾವು ಮರೆಯುತ್ತಿದ್ದೇವೆ. ನನಗೆ ಈ ಇಡೀ ಪಟ್ಟಿಯಲ್ಲಿ ಅತ್ಯಂತ ಬೇಸರ ತರಿಸುವ ಸಂಗತಿ ಇದು.

ರಾಷ್ಟ್ರಗೀತೆಯ ವಿಷಯದಲ್ಲಿ ನಿಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ, ಎರಡೂ ತಪ್ಪು. ಯುನೆಸ್ಕೊ ಯಾವ ದೇಶದ ಗೀತೆಗೂ ಅಂಕ ಕೊಡುವುದಿಲ್ಲ. ತಾನು ಅಂಥ ಘೋಷಣೆ ಮಾಡಿಲ್ಲವೆಂದು ಅದೇ ಸ್ಪಷ್ಟಪಡಿಸಿದೆ. ನಿಮ್ಮ ಮೈದುನನವರ ಮಾತಿಗೆ ಸ್ವಲ್ಪ ಹೆಚ್ಚು ಹಳೆಯ ಬೇರಿದೆ. 1911ರ ಡಿಸೆಂಬರ್‌ನಲ್ಲಿ ಐದನೇ ಜಾರ್ಜ್ ಭಾರತಕ್ಕೆ ಬಂದಿದ್ದ. ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಬಂಗಾಳದ ವಿಭಜನೆಯನ್ನು ರದ್ದು ಮಾಡಿದ. ಎರಡು ವಾರ ಕಳೆದು ಕಲ್ಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಡಿಸೆಂಬರ್ 27ರಂದು ಮೊದಲು 'ಜನ ಗಣ ಮನ' ಹಾಡಿದರು. ಆಮೇಲೆ ದೊರೆಯನ್ನು ಸ್ವಾಗತಿಸುವ ನಿರ್ಣಯ ಆಯಿತು, ಅವನನ್ನು ಹೊಗಳುವ ಬೇರೊಂದು ಹಿಂದಿ ಹಾಡೂ ಆಯಿತು. ಮರುದಿನ ಕಲ್ಕತ್ತೆಯ ಕೆಲವು ಇಂಗ್ಲಿಷ್ ಪತ್ರಿಕೆಗಳು ಎರಡು ಹಾಡುಗಳನ್ನೂ ಕಲಸಿ, ಬಂಗಾಳಿ ಕವಿ ರವೀಂದ್ರರು ಚಕ್ರವರ್ತಿಯ ಸ್ವಾಗತಕ್ಕೆ ಗೀತೆ ರಚಿಸಿದರು ಎಂದು ವರದಿ ಮಾಡಿದವು. ಆ ವರದಿ ನೂರು ವರ್ಷ ದಾಟಿ ನಿಮ್ಮ ಮನೆಯ ಊಟದ ಮೇಜಿಗೆ ಬಂದಿದೆ.

ಠಾಗೋರರು 1937ರಲ್ಲಿ ಒಂದು ಪತ್ರದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಸರ್ಕಾರದಲ್ಲಿ ಪ್ರಭಾವವಿದ್ದ ಒಬ್ಬ ಪರಿಚಿತರು ಚಕ್ರವರ್ತಿಯ ಗುಣಗಾನ ಬರೆದುಕೊಡಿ ಎಂದು ಕೇಳಿದ್ದರು. ಅದರಿಂದ ಮನಸ್ಸು ಕಲಕಿ, ಯುಗಯುಗಗಳಿಂದ ಭಾರತದ ರಥ ನಡೆಸುತ್ತಿರುವ ಭಾಗ್ಯವಿಧಾತನಿಗೆ ಜಯ ಹಾಡಿದೆ. ಆ ಸಾರಥಿ ಯಾವ ಜಾರ್ಜನೂ ಆಗಿರಲು ಸಾಧ್ಯವಿಲ್ಲ ಎಂಬುದು ಅದರ ಸಾರ. ನಾವು ಹಾಡುವುದು ಐದು ಚರಣಗಳಲ್ಲಿ ಮೊದಲನೆಯದನ್ನು ಮಾತ್ರ. ಏಳುಬೀಳಿನ ದಾರಿಯಲ್ಲಿ ಯುಗಯುಗಗಳ ಪಯಣಿಗರನ್ನು ನಡೆಸುವ ಚಿರಸಾರಥಿಯ ಚಿತ್ರ ಬರುವುದು ಮೂರನೆಯದರಲ್ಲಿ. ಅದನ್ನು ಓದಿದವರಿಗೆ ಗೊಂದಲ ಉಳಿಯುವುದು ಕಷ್ಟ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಸರ್ ಪದವಿಯನ್ನೇ ಬ್ರಿಟಿಷರಿಗೆ ಹಿಂದಿರುಗಿಸಿದ ಕವಿ ಅವರು. 1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ಈ ಗೀತೆ ನಮ್ಮ ರಾಷ್ಟ್ರಗೀತೆಯಾಯಿತು. ಆ ಸಭೆಯ ಮಾನ್ಯತೆ ಇರುವಾಗ ಯುನೆಸ್ಕೊದ್ದು ಯಾಕೆ ಬೇಕು?

ರಾಷ್ಟ್ರಭಾಷೆಯ ಪ್ರಶ್ನೆಯಲ್ಲಿ ನಿಮ್ಮ ಮಗಳ ಕೈಗೆ ಸಂವಿಧಾನವನ್ನೇ ಕೊಡಿ. 343ನೇ ವಿಧಿ ದೇವನಾಗರಿ ಲಿಪಿಯ ಹಿಂದಿಯನ್ನು ಕೇಂದ್ರ ಸರ್ಕಾರದ ಅಧಿಕೃತ ಭಾಷೆ ಎನ್ನುತ್ತದೆ, ಅಂದರೆ ಕಚೇರಿ ವ್ಯವಹಾರದ ಭಾಷೆ. ರಾಷ್ಟ್ರಭಾಷೆ ಎಂದು ಯಾವ ಭಾಷೆಯನ್ನೂ ಸಂವಿಧಾನ ಹೆಸರಿಸಿಲ್ಲ. ಇದು ಮರೆವಿನಿಂದ ಆದದ್ದಲ್ಲ. ಸಂವಿಧಾನ ಸಭೆಯಲ್ಲಿ ಅತ್ಯಂತ ಬಿಸಿಯೇರಿದ ಚರ್ಚೆಗಳಲ್ಲಿ ಇದೂ ಒಂದು, 1949ರ ಸೆಪ್ಟೆಂಬರ್ 14ರಂದು ರಾಜಿಯಲ್ಲಿ ಮುಗಿಯಿತು. ಇಂಗ್ಲಿಷ್ ಹದಿನೈದು ವರ್ಷ ಮಾತ್ರ ಎಂದಿತ್ತು. 1963ರ ಅಧಿಕೃತ ಭಾಷಾ ಕಾಯ್ದೆ ಮತ್ತು ಅದರ 1967ರ ತಿದ್ದುಪಡಿಯಿಂದ ಅದು ಮುಂದುವರಿಯಿತು. ಎಂಟನೇ ಅನುಸೂಚಿಯಲ್ಲಿ ಮೊದಲು 14 ಭಾಷೆಗಳಿದ್ದವು, ಈಗ 22. ಕನ್ನಡ ಮೊದಲ ದಿನದಿಂದ ಅಲ್ಲಿದೆ. ಗುಜರಾತ್ ಹೈಕೋರ್ಟ್ 2010ರಲ್ಲಿ, ಹಿಂದಿಯನ್ನು ರಾಷ್ಟ್ರಭಾಷೆ ಎಂದು ಘೋಷಿಸಿದ ಯಾವ ದಾಖಲೆಯೂ ಇಲ್ಲ ಎಂದೇ ಹೇಳಿತು. ಹಾಕಿಯ ಕಥೆಯೂ ಹೀಗೆಯೇ: ಲಖನೌದ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ 2012ರಲ್ಲಿ ಕ್ರೀಡಾ ಸಚಿವಾಲಯ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲ ಎಂದು ಬರೆದುಕೊಟ್ಟಿತು. ನಮ್ಮ ಪುರುಷರ ಹಾಕಿ ತಂಡ ಒಲಿಂಪಿಕ್ಸ್‌ನಲ್ಲಿ ಗೆದ್ದ ಎಂಟು ಚಿನ್ನಗಳಿಗೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಮೀಸಲಾತಿಯ ಮಾತಿಗೆ ಬಂದಾಗ ನನ್ನ ಧ್ವನಿ ಸ್ವಲ್ಪ ಬಿಗಿಯಾಗುತ್ತದೆ. ಮೇಲಿನವೆಲ್ಲ ನಮ್ಮನ್ನು ನಾವು ಹೊಗಳಿಕೊಳ್ಳುವ ತಪ್ಪುಗಳು. ಇದು ಹಾಗಲ್ಲ, ತರಗತಿಯಲ್ಲಿ ಪಕ್ಕದ ಬೆಂಚಿನ ಮಗುವಿಗೆ "ನಿನ್ನ ಸೀಟಿನ ಅವಧಿ ಮುಗಿದಿದೆ" ಎಂದು ಹೇಳಿಸುವ ತಪ್ಪು. ಹತ್ತು ವರ್ಷದ ಗಡುವು ಇದ್ದದ್ದು 334ನೇ ವಿಧಿಯಲ್ಲಿ. ಅದು ಲೋಕಸಭೆ, ವಿಧಾನಸಭೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಿಟ್ಟ ಸ್ಥಾನಗಳಿಗೆ ಮತ್ತು ಆಂಗ್ಲೋ-ಇಂಡಿಯನ್ ನಾಮನಿರ್ದೇಶನಕ್ಕೆ ಸಂಬಂಧಿಸಿದ್ದು. ಸಂಸತ್ತು ಅದನ್ನು ಹತ್ತು ಹತ್ತು ವರ್ಷ ವಿಸ್ತರಿಸುತ್ತ ಬಂದಿದೆ. 104ನೇ ತಿದ್ದುಪಡಿಯಂತೆ ಪರಿಶಿಷ್ಟರ ಸ್ಥಾನಗಳು 2030ರವರೆಗೆ ಇವೆ, ಆಂಗ್ಲೋ-ಇಂಡಿಯನ್ ನಾಮನಿರ್ದೇಶನ 2020ಕ್ಕೆ ನಿಂತಿದೆ. ಹಿಂದುಳಿದವರಿಗೆ ಉದ್ಯೋಗದಲ್ಲಿ ಮೀಸಲಿಗೆ ಅವಕಾಶ ಕೊಡುವ 16(4), 1951ರಲ್ಲಿ ಶಿಕ್ಷಣಕ್ಕಾಗಿ ಸೇರಿದ 15(4) ಇವೆರಡರಲ್ಲೂ ಯಾವ ಗಡುವೂ ಇಲ್ಲ. ಸರ್ಕಾರಿ ನೌಕರಿಗೆ ಹತ್ತು ವರ್ಷದ ಮಿತಿ ಇದ್ದದ್ದು ಒಂದೇ ಒಂದು ಕಡೆ: ರೈಲ್ವೆ, ಅಂಚೆ, ತಂತಿ, ಸುಂಕ ಇಲಾಖೆಗಳಲ್ಲಿ ಆಂಗ್ಲೋ-ಇಂಡಿಯನ್ನರಿಗೆ ಕೊಟ್ಟಿದ್ದ ವಿಶೇಷ ಅವಕಾಶಕ್ಕೆ, 336ನೇ ವಿಧಿಯಲ್ಲಿ. ಮೀಸಲಾತಿ ಇರಬೇಕೆ, ಎಷ್ಟಿರಬೇಕು ಎಂಬ ಚರ್ಚೆ ಯಾರು ಬೇಕಾದರೂ ಮಾಡಲಿ. ಸಂವಿಧಾನದಲ್ಲಿ ಇಲ್ಲದ ಗಡುವನ್ನು ಇದೆ ಎಂದು ಹೇಳಿ ಮಾಡುವುದು ಬೇಡ. ಇನ್ನೊಂದು ಸಂಗತಿ ಕನ್ನಡದ ಮಕ್ಕಳಿಗೆ ಗೊತ್ತಿರಲಿ: ಸಂವಿಧಾನಕ್ಕೆ ಮೂರು ದಶಕ ಮೊದಲೇ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದ್ದರು. ಅದರ ಶಿಫಾರಸಿನ ಮೇಲೆ ಮೈಸೂರು ಸಂಸ್ಥಾನ ಹಿಂದುಳಿದವರಿಗೆ ಸರ್ಕಾರಿ ಉದ್ಯೋಗದಲ್ಲಿ ಪಾಲು ಕೊಟ್ಟಿತು.

"ಯಾವತ್ತೂ ದಂಡೆತ್ತಿ ಹೋಗಿಲ್ಲ" ಎಂಬುದನ್ನು ತಂಜಾವೂರಿನ ದೇವಾಲಯದ ಗೋಡೆಯ ಶಾಸನವೇ ಒಪ್ಪುವುದಿಲ್ಲ. ರಾಜೇಂದ್ರ ಚೋಳ ಸುಮಾರು 1025ರಲ್ಲಿ ಹಡಗುಗಳನ್ನು ಕಳಿಸಿ ಆಗ್ನೇಯ ಏಷ್ಯಾದ ಶ್ರೀವಿಜಯ ಸಾಮ್ರಾಜ್ಯದ ಕಡಾರಂ ಮೊದಲಾದ ಬಂದರುಗಳನ್ನು ಹೊಡೆದದ್ದನ್ನು ಅದು ಸಾಲಾಗಿ ಹೆಸರಿಸಿದೆ. ಶ್ರೀಲಂಕೆಯ ದೊಡ್ಡ ಭಾಗ ದಶಕಗಳ ಕಾಲ ಚೋಳರ ಕೈಯಲ್ಲಿತ್ತು. ಇದನ್ನು ಹೇಳಿದರೆ ಕೆಲವರು, ಅದು ಒಬ್ಬ ರಾಜ ಮಾಡಿದ್ದು, ಭಾರತ ಮಾಡಿದ್ದಲ್ಲ ಎನ್ನುತ್ತಾರೆ. ಆ ಮಾತು ಸರಿಯೇ. ಹಾಗಾದರೆ ಆ ಕಾಲದ ಶಾಂತಿಯನ್ನೂ ಭಾರತದ ಹೆಸರಿಗೆ ಬರೆಯಲಾಗದು. ಆಗಿನ ರಾಜ್ಯಗಳು ಒಂದನ್ನೊಂದು ಸುಟ್ಟವು. ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಗೆದ್ದು ಕೆತ್ತಿಸಿದ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ. ತಂಜಾವೂರಿಗೆ ಹೋದರೆ ಅಲ್ಲಿನ ಕಲಾ ಸಂಗ್ರಹಾಲಯದಲ್ಲಿ ಒಂದು ದ್ವಾರಪಾಲಕ ವಿಗ್ರಹವನ್ನು ಹುಡುಕಿ ನೋಡಿ. ಅದರ ಪೀಠದ ಮೇಲೆ ತಮಿಳಿನಲ್ಲಿ, ಕಲ್ಯಾಣಪುರವನ್ನು ಸುಟ್ಟು ವಿಜಯರಾಜೇಂದ್ರ ದೇವರು ತಂದ ದ್ವಾರಪಾಲಕ ಎಂದು ಬರೆದಿದೆ. ವಿಜಯರಾಜೇಂದ್ರ ಎಂದರೆ ಚೋಳ ದೊರೆ, ಆ ಕಲ್ಯಾಣಪುರ ನಮ್ಮ ಬಸವಕಲ್ಯಾಣ. ಚಾಲುಕ್ಯರ ಶಿಲ್ಪಿ ಕಡೆದ ಮೂರ್ತಿ ಚೋಳರ ವಿಜಯದ ಗುರುತಾಗಿ ನಿಂತಿರುವುದನ್ನು ನೋಡಿದ ವಿದ್ಯಾರ್ಥಿಗೆ ಇತಿಹಾಸದ ಬಗ್ಗೆ ಬೇರೆ ಪಾಠ ಬೇಕಾಗುವುದಿಲ್ಲ.

ಸೊನ್ನೆಯದು ಪೂರ್ತಿ ಸುಳ್ಳಲ್ಲ, ಹೆಸರು ಮಾತ್ರ ಅದಲುಬದಲಾಗಿದೆ. ಆರ್ಯಭಟನ ಲೆಕ್ಕಗಳ ಹಿಂದೆ ಸ್ಥಾನಬೆಲೆಯ ಕಲ್ಪನೆ ಇದೆ. ಸೊನ್ನೆಯನ್ನು ಒಂದು ಸಂಖ್ಯೆ ಎಂದು ಎಣಿಸಿ, ಕೂಡಿದರೆ ಏನು, ಕಳೆದರೆ ಏನು, ಗುಣಿಸಿದರೆ ಏನು ಎಂದು ನಿಯಮ ಬರೆದವನು 628ರಲ್ಲಿ ಬ್ರಹ್ಮಗುಪ್ತ. ಸುಮಾರು ಎರಡು ಶತಮಾನದ ನಂತರ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಅದರಲ್ಲಿ ಹೇಳಿದ್ದಾನೆ. ಅದು ತಪ್ಪು. ಆದರೆ ಆ ಪ್ರಶ್ನೆಯನ್ನು ಒಂಬತ್ತನೇ ಶತಮಾನದಲ್ಲಿ ಕನ್ನಡದ ನೆಲದಲ್ಲಿ ಕೂತು ಕೇಳುತ್ತಿದ್ದರು ಎಂಬುದು ನನಗೆ ಇಂದಿಗೂ ರೋಮಾಂಚನ ತರುತ್ತದೆ. ಬೆಂಗಳೂರಿನ ಕರೆಂಟ್ ವಿಚಾರ ಚಿಕ್ಕದು: ಬೀದಿ ದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಡಾರ್ಜಿಲಿಂಗ್‌ನಲ್ಲಿ 1897ಕ್ಕೇ ಜಲವಿದ್ಯುತ್ ಇತ್ತು, ಕಲ್ಕತ್ತೆಗೆ 1899ರಲ್ಲಿ ಬಂತು, ಟೋಕಿಯೊ ಮತ್ತು ಶಾಂಘೈಗಳಲ್ಲಿ 1880ರ ದಶಕದಲ್ಲೇ ವಿದ್ಯುತ್ ದೀಪ ಬೆಳಗಿತ್ತು. ಹೇಳಬೇಕಾದ ಸಂಗತಿ 1902ರದು. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತನ್ನು ಸುಮಾರು 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ತಲುಪಿಸಿದರು. ಆ ಕಾಲಕ್ಕೆ ಅಷ್ಟು ದೂರದ ಸಾಗಣೆ ಜಗತ್ತಿನಲ್ಲೇ ವಿರಳ.

ಇಷ್ಟೊಂದು ತಪ್ಪುಗಳು ಇಷ್ಟು ಕಾಲ ಹೇಗೆ ಬಾಳಿದವು ಎಂದು ಮಗಳು ಕೇಳಿದರೆ, ಮೊಬೈಲನ್ನು ಮಾತ್ರ ದೂಷಿಸಬೇಡಿ ಎನ್ನಿ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ರಾಷ್ಟ್ರೀಯ ಪಕ್ಷಿ, ರಾಷ್ಟ್ರೀಯ ಪ್ರಾಣಿ ಎಂಬ ಪಟ್ಟಿ ಇರುತ್ತದೆ. ರಾಷ್ಟ್ರೀಯ ಕ್ರೀಡೆ ಎಂಬ ಖಾನೆ ಖಾಲಿ ಬಿಡಲು ಮನಸ್ಸಾಗದೆ ಯಾರೋ ತುಂಬಿದರು, ಉಳಿದವರು ನಕಲು ಮಾಡಿದರು. ಪರೀಕ್ಷೆಯಲ್ಲಿ ಅದಕ್ಕೇ ಅಂಕ ಬಂದಮೇಲೆ ಅದು ಸತ್ಯವಾಗಿ ಕೂತುಬಿಟ್ಟಿತು. ಇನ್ನು ನಾಸಾದಲ್ಲಿ ಕೆಲಸ ಮಾಡುವವರಲ್ಲಿ ಶೇ 36 ಮಂದಿ ಭಾರತೀಯರು ಎಂಬ ಆಧಾರವಿಲ್ಲದ ಅಂಕಿಯಂತೂ 2008ರಲ್ಲಿ ರಾಜ್ಯಸಭೆಯಲ್ಲಿ ಸರ್ಕಾರದ ಉತ್ತರದಲ್ಲೇ ಬಂದಿತ್ತು. ಅಲ್ಲಿಯವರೆಗೆ ಹೋದ ಮೇಲೆ ಒಬ್ಬ ಅಜ್ಜ ನಂಬಿದರೆ ಆಶ್ಚರ್ಯವೇನು?

ಇನ್ನು ಮಾಡುವುದೇನು? ಭಾಷಣವನ್ನು ಇದ್ದ ಹಾಗೇ ಓದಿಸಿ ಸುಮ್ಮನಾಗಬಹುದು. ಮನೆಯಲ್ಲಿ ಆ ದಿನಕ್ಕೆ ಶಾಂತಿ ಸಿಗುತ್ತದೆ. ಆದರೆ ಗೊತ್ತಿದ್ದೂ ತಪ್ಪು ಹೇಳುವುದನ್ನು ಮಗಳಿಗೆ ನಾವೇ ಅಭ್ಯಾಸ ಮಾಡಿಸಿದಂತಾಗುತ್ತದೆ; ತೀರ್ಪುಗಾರರಲ್ಲಿ ಯಾರಾದರೂ ತಿಳಿದವರಿದ್ದು ಎಲ್ಲರೆದುರು ತಿದ್ದಿದರೆ ಅವಮಾನ ಅವಳದ್ದು, ನೋವು ಅಜ್ಜನದ್ದು. ಇನ್ನೊಂದು ದಾರಿ, ಮಗಳು ಕುಟುಂಬದ ಗುಂಪಿನಲ್ಲಿ ಎಲ್ಲವನ್ನೂ ಪಟ್ಟಿ ಮಾಡಿ ಹಾಕುವುದು. ಹದಿನಾಲ್ಕರ ವಯಸ್ಸಿಗೆ ಅದು ಆಕರ್ಷಕ. ದಯವಿಟ್ಟು ಅದಕ್ಕೆ ಬಿಡಬೇಡಿ. ನಾಲ್ಕು ಜನರ ಮುಂದೆ ಸೋಲಿಸಿದ ಹಿರಿಯರು ತಮ್ಮ ಮಾತನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಶಿಬಿರಗಳಲ್ಲಿ ಅನುಭವಿ ಶಿಕ್ಷಕರೇ ಹಾಗೆ ಮಾಡಿದ್ದನ್ನು ಕಂಡಿದ್ದೇನೆ. ಅದೂ ಅಲ್ಲದೆ, ಸತ್ಯ ಎಂದರೆ ಇನ್ನೊಬ್ಬರ ಬಾಯಿ ಮುಚ್ಚಿಸುವ ಉಪಾಯ ಎಂದು ಮಗು ಕಲಿತುಬಿಡುತ್ತದೆ.

ನನ್ನ ಸಲಹೆ ಮೂರನೆಯದು, ಸ್ವಲ್ಪ ಸಮಯ ಬೇಡುವಂಥದು. ಅಜ್ಜ ಮೊಮ್ಮಗಳು ಒಟ್ಟಿಗೆ ಕೂತು ಭಾಷಣವನ್ನು ಇನ್ನೊಮ್ಮೆ ಬರೆಯಲಿ. ಸುಳ್ಳು ಯಾವುದು ಎಂದು ಶುರುಮಾಡಬೇಡಿ. "ಅಜ್ಜ, ಆಣೆ ಪೈ ಲೆಕ್ಕ ನನಗೆ ಬರಲ್ಲ, ಒಂದು ಪೌಂಡಿಗೆ ಎಷ್ಟಾಯ್ತು ನೋಡಿ" ಎಂದು ಶುರುಮಾಡಲಿ. 1957ರಲ್ಲಿ ನಯಾ ಪೈಸೆ ಬರುವ ಮುಂಚೆ ಆಣೆಯಲ್ಲಿ ಪೆಪ್ಪರಮೆಂಟು ಕೊಂಡವರು ಅವರು. ಲೆಕ್ಕ ಅವರ ಕೈಯಲ್ಲೇ ಬಿಡಿಸಿದಾಗ ಉತ್ತರ ಅವರದಾಗುತ್ತದೆ. ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ ಕಡತದ ಮೇಲೆ ನಂಬಿಕೆ ಇರುತ್ತದೆ; ಯಾರು ಹೇಳಿದರು, ಯಾವ ದಿನ, ಯಾವ ಕಾಗದದಲ್ಲಿ ಎಂದು ಕೇಳುವುದು ಅವರಿಗೆ ಹೊಸದಲ್ಲ. ಅದೇ ಪ್ರಶ್ನೆಯನ್ನು ಮೆಕಾಲೆಯ ಮಾತಿಗೂ ಯುನೆಸ್ಕೊಗೂ ಹಾಕಲು ಅವರನ್ನೇ ಕೇಳಿಕೊಳ್ಳಿ. ಈ ದಾರಿಯಲ್ಲೂ ಅಪಾಯ ಇಲ್ಲದಿಲ್ಲ. ಅವರು ಎಲ್ಲವನ್ನೂ ಒಪ್ಪದೆ ಇರಬಹುದು. ಒಂದೆರಡು ಸಾಲಿಗೆ ಪಟ್ಟು ಹಿಡಿದರೆ ವಾದಕ್ಕಿಳಿಯದೆ ಆ ಸಾಲನ್ನು ಭಾಷಣದಿಂದ ಕೈಬಿಡಿ, ಸಾಕು. ಮೂರು ನಿಮಿಷದ ಭಾಷಣಕ್ಕೆ ಸ್ಟರ್ಲಿಂಗ್ ಬಾಕಿ, ಶಿವನಸಮುದ್ರದ ತಂತಿ, ಮಹಾವೀರಾಚಾರ್ಯನ ಪ್ರಶ್ನೆ ಇಷ್ಟೇ ಬೇಕಾದಷ್ಟಾಗುತ್ತದೆ. ಮೈದುನನವರ ಮೀಸಲಾತಿಯ ಮಾತನ್ನು ಮಾತ್ರ ಹಾಗೆ ಬಿಡಬೇಡಿ. 334, 15(4), 16(4) ಈ ವಿಧಿಗಳನ್ನು ಸಂವಿಧಾನದ ಕನ್ನಡ ಪ್ರತಿಯಲ್ಲಿ ತೆರೆದು ಅವರ ಮುಂದಿಡಿ, ಮಗಳ ಎದುರಿಗೇ. ಆ ಮಾತು ಅವಳು ಶಾಲೆಗೆ ಹೊತ್ತೊಯ್ಯಬಾರದು.

ಶಾಲೆಯ ರಸಪ್ರಶ್ನೆಯಲ್ಲಿ ನಾಳೆ ಯಾರಾದರೂ ರಾಷ್ಟ್ರಭಾಷೆ ಯಾವುದು ಎಂದು ಕೇಳಿಯೇ ಕೇಳುತ್ತಾರೆ. ಯಾವುದೂ ಇಲ್ಲ ಎಂದು ಉತ್ತರಿಸಿ ಒಂದು ಅಂಕ ಹೋದರೆ ಹೋಗಲಿ ಎನ್ನುವವನು ನಾನು. ಆದರೆ ಅಂಕ ಕಳೆದುಕೊಳ್ಳುವುದು ನಾನಲ್ಲ, ಮಗು; ಹಾಗಾಗಿ ಸ್ಪರ್ಧೆಗೆ ಮೊದಲೇ ಸಮಾಜ ವಿಜ್ಞಾನದ ಶಿಕ್ಷಕರನ್ನು ನೀವೇ ಒಬ್ಬರೇ ಭೇಟಿಯಾಗಿ. ತರಗತಿಯಲ್ಲಿ ಮಕ್ಕಳ ಮುಂದೆ ಬೇಡ. 343ನೇ ವಿಧಿಯ ಕನ್ನಡ ಪಾಠದ ಒಂದು ಪ್ರತಿಯನ್ನೂ, ಕ್ರೀಡಾ ಸಚಿವಾಲಯದ ಉತ್ತರದ ಬಗ್ಗೆ ಬಂದ ಪತ್ರಿಕಾ ವರದಿಯ ಒಂದು ಪ್ರತಿಯನ್ನೂ ಕೈಯಲ್ಲಿಟ್ಟುಕೊಂಡು ಹೋಗಿ, ಉತ್ತರದ ಕೀಲಿಯಲ್ಲಿ ಇವೆರಡನ್ನು ತಿದ್ದಿಕೊಳ್ಳಲು ಸಾಧ್ಯವೇ ಎಂದು ಕೇಳಿ. ಕಾಗದ ಕಂಡ ಮೇಲೆ ಇಲ್ಲ ಎನ್ನುವ ಶಿಕ್ಷಕರು ಕಡಿಮೆ.